ಬೈಕು, ಮಳೆ ಮತ್ತು ಮೇಸನ್ ಏಪ್ರನ್

ಪ್ರಶ್ನೆ: ಫ್ರೀಮೇಸನ್ ಎಂಬ ಸೋದರ ಸಂಘದ ಬೆಂಗಳೂರಿನ ಶಾಖೆಯಾದ ಮೇಸಾನಿಕ್ ಲಾಡ್ಜ್‌ನಲ್ಲಿ ಮೊದಲ ಡಿಗ್ರಿ (ಸದಸ್ಯತ್ವದ ಮೊದಲ ಹಂತ) ಆಗಿದೆ. ಸಭೆಗೆ ಬೈಕಿನಲ್ಲಿ ಹೋಗುವಾಗ, ಅಲ್ಲಿ ಕಟ್ಟಿಕೊಳ್ಳುವ ಚರ್ಮದ ಏಪ್ರನ್ ನೆಂದು ಮುದುಡಿತು. ಏನು ಮಾಡಲಿ? ‘ವಿಡೋಸ್ ಸನ್ಸ್’ ಬೈಕರ್ ಬಳಗಕ್ಕೆ ಈಗಲೇ ಸೇರಬಹುದೇ?

ಉತ್ತರ: ಬಿಸಿಲು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಕುರಿಮರಿ ಚರ್ಮ ಬಿರುಸಾಗಿ ಬಿರಿಯುತ್ತದೆ. ಹತ್ತಿಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಹಸಿಯಿರುವಾಗಲೇ ಕೇಸಿಗೆ ಸೇರಿಸಿದರೆ ಬೂಷ್ಟು ಖಂಡಿತ. ಇನ್ನು ಮುಂದೆ ಗಟ್ಟಿ ಕೇಸಿನಲ್ಲಿ ಮಡಚದೆ ಇಟ್ಟು, ಕೇಸನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯಿರಿ. ಬಿಳಿ ಕೈಗವಸಿಗೆ ಬೇರೆ ಚೀಲ. ಚೈನ್ ಲ್ಯೂಬ್ ಕಲೆ ಸುಲಭಕ್ಕೆ ಹೋಗದು.

ವಿಡೋಸ್ ಸನ್ಸ್‌ಗೆ ಮೂರನೆಯ ಡಿಗ್ರಿ ಮುಗಿಸಿ ಮಾಸ್ಟರ್ ಮೇಸನ್ ಆಗಿರಬೇಕು. ಅದು ಲಾಡ್ಜ್ ಅಲ್ಲ, ಮೇಸನ್ನರ ಸವಾರ ಬಳಗ. ‘ವಿಧವೆಯ ಮಗ’ ಎಂದರೆ ಹೀರಾಮ್ ಅಬಿಫ್, ಮೇಸನ್ನರ ಕಥೆಯಲ್ಲಿ ಸೊಲೊಮೋನನ ದೇವಾಲಯ ಕಟ್ಟಿದ ಮುಖ್ಯ ಶಿಲ್ಪಿ. ಜಾಕೆಟ್ಟಿಗೆ ಮೇಸನ್ನರ ಮೂಲೆಮಟ್ಟ-ಕೈವಾರದ ಚಿಹ್ನೆ ಹೊಲಿಸುವ ಮುನ್ನ ಲಾಡ್ಜ್ ಕಾರ್ಯದರ್ಶಿಯವರನ್ನು ಕೇಳಿ.