ಬಿಡುಗಡೆ ಆಯ್ತು, ಸಂಬಳ ಎಲ್ಲಿ?

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯ್ತು ಅಂತ ಸ್ಕೂಲಲ್ಲಿ ಒಂದೇ ಲೈನಲ್ಲಿ ಓದಿದ್ವಿ. ಮಾರನೇ ದಿನ ಬೆಳಗ್ಗೆ ಎದ್ದಾಗ ಅವರಿಗೆ ನಿಜವಾಗ್ಲೂ ಏನು ಬದಲಾಯ್ತು?

ಉತ್ತರ: ಎಲ್ಲರಿಗೂ ಒಂದೇ ಬೆಳಗ್ಗೆ ಅಂತ ಬರ್ಲೇ ಇಲ್ಲ. ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧ ನಡೀತಿದ್ದಾಗ ಪ್ರೆಸಿಡೆಂಟ್ ಲಿಂಕನ್ ಹೊರಡಿಸಿದ ಬಿಡುಗಡೆ ಘೋಷಣೆ 1863ರ ಜನವರಿ 1ರದ್ದು, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಉತ್ತರದ ಸೈನ್ಯ ಬಂದು ಆರ್ಡರ್ ಹೊರಡಿಸಿದ್ದು 1865ರ ಜೂನ್ 19ಕ್ಕೆ, ಅದರಲ್ಲೂ ತಮಾಷೆ ನೋಡಿ, ನೀವು ಸ್ವತಂತ್ರರು ಅಂದ ಅದೇ ಆರ್ಡರಲ್ಲಿ ಈಗಿರೋ ಜಾಗದಲ್ಲೇ ತೆಪ್ಪಗಿದ್ದು ಕೂಲಿಗೆ ದುಡೀರಿ ಅಂತ ಬುದ್ಧಿವಾದಾನೂ ಇತ್ತು. ಜನ ತೆಪ್ಪಗೆ ಎಲ್ಲಿರ್ತಾರೆ? ಯಜಮಾನನ ಚೀಟಿ ಇಲ್ದೆ ರಸ್ತೇಲಿ ನಡೆಯೋದೇ ಅವರಿಗೆ ಹೊಸದು. ಎಷ್ಟೋ ಜನ ಹೊರಟಿದ್ದು ಮಾರಾಟವಾಗಿ ಹೋಗಿದ್ದ ಹೆಂಡ್ತಿ ಮಕ್ಕಳನ್ನ ಹುಡುಕ್ಕೊಂಡು. ಅಮ್ಮನ ಹೆಸರು ಇದು, ಇಂಥವನು ಇಂಥವನಿಗೆ ಮಾರಿದ್ದ, ಗೊತ್ತಿದ್ರೆ ತಿಳಿಸಿ ಅಂತ ಪೇಪರಲ್ಲಿ ಹಾಕಿಸ್ತಿದ್ರು, ಯುದ್ಧ ಮುಗಿದು ಹತ್ತು ವರ್ಷ ದಾಟಿದ್ರೂ ಅವು ಬರ್ತಾನೇ ಇದ್ವು.

ಆದ್ರೆ ನನಗೆ ಮರೆಯೋಕಾಗದೇ ಇರೋದು ಜೋರ್ಡನ್ ಆಂಡರ್ಸನ್ ಲೆಟರ್. ಟೆನೆಸೀಲಿ ಗುಲಾಮನಾಗಿದ್ದವನು, ಬಿಡುಗಡೆ ಆದ್ಮೇಲೆ ಒಹಾಯೊದ ಡೇಟನ್‌ಗೆ ಹೋಗಿ ತಿಂಗಳಿಗೆ 25 ಡಾಲರ್ ದುಡೀತಿದ್ದ, ಮಕ್ಕಳು ಸ್ಕೂಲಿಗೆ ಹೋಗ್ತಿದ್ರು. 1865ರಲ್ಲಿ ಹಳೇ ಯಜಮಾನ ವಾಪಸ್ ಬಾರಪ್ಪಾ ಅಂತ ಬರೆದ. ಇವನು ಬರೆಸಿದ ಉತ್ತರ ಭಾರೀ ವಿನಯದ್ದು: ಬರ್ತೀನಿ ಸ್ವಾಮಿ, ನಿಮ್ಮ ಮೇಲೆ ನಂಬಿಕೆ ಬರ್ಬೇಕಲ್ಲ, ಅದಕ್ಕೆ ಮೊದಲು ಹಳೇ ಬಾಕಿ ಕಳ್ಸಿಬಿಡಿ, ನಂದು 32 ವರ್ಷ, ಹೆಂಡ್ತಿ ಮ್ಯಾಂಡಿದು 20 ವರ್ಷ, ನನಗೆ ತಿಂಗಳಿಗೆ 25, ಅವಳಿಗೆ ವಾರಕ್ಕೆ 2 ಡಾಲರ್ ಹಿಡಿದ್ರೆ ಒಟ್ಟು 11,680 ಆಗುತ್ತೆ, ಬಡ್ಡಿ ಬೇರೆ ಸೇರಿಸಿ, ನೀವು ಕೊಡಿಸಿದ ಬಟ್ಟೆ, ನನಗೆ ಮೂರು ಸಲ ಡಾಕ್ಟರ್ ಬಂದಿದ್ದು, ಮ್ಯಾಂಡಿ ಹಲ್ಲು ಕೀಳಿಸಿದ್ದು, ಇಷ್ಟನ್ನ ಕಳೆದುಕೊಳ್ಳಿ. ಹಲ್ಲಿನ ಲೆಕ್ಕಾನೂ ಬಿಟ್ಟಿಲ್ಲ ಪುಣ್ಯಾತ್ಮ! ಕೊನೇಲಿ, ನೀವು ನನ್ನ ಮೇಲೆ ಗುಂಡು ಹಾರಿಸ್ತಿದ್ದಾಗ ಪಿಸ್ತೂಲು ಕಿತ್ಕೊಂಡವನಿಗೆ ನನ್ನ ಥ್ಯಾಂಕ್ಸ್ ಹೇಳಿ ಅಂತ ಬೇರೆ ಸೇರಿಸಿದ್ದಾನೆ. ವಾಪಸ್ ಹೋಗ್ಲಿಲ್ಲ ಅಂತ ಬೇರೆ ಹೇಳ್ಬೇಕಾ.

ಪ್ರಶ್ನೆ: 40 ಎಕರೆ ಜಮೀನು, ಒಂದು ಹೇಸರಗತ್ತೆ ಕೊಡ್ತೀವಿ ಅಂದಿದ್ರಂತೆ, ನಿಜಾನಾ?

ಉತ್ತರ: ಜಮೀನು ನಿಜ, ಹೇಸರಗತ್ತೆ ಜಮೀನಿನ ಆರ್ಡರಲ್ಲಿ ಇರಲಿಲ್ಲ. 1865ರ ಜನವರಿಯಲ್ಲಿ ಜಾರ್ಜಿಯಾದ ಸವಾನಾದಲ್ಲಿ ಉತ್ತರದ ಸೈನ್ಯದ ಜನರಲ್ ಶರ್ಮನ್ 20 ಜನ ಕಪ್ಪು ಪಾದ್ರಿಗಳನ್ನ ಕೂರಿಸ್ಕೊಂಡು ನಿಮಗೆ ಏನು ಬೇಕು ಅಂತ ಕೇಳಿಸಿದ. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜಿಯರ್, ಸಾವಿರ ಡಾಲರ್ ಕೊಟ್ಟು ತನ್ನನ್ನೂ ಹೆಂಡ್ತಿನೂ ತಾನೇ ಕೊಂಡ್ಕೊಂಡಿದ್ದ ಮನುಷ್ಯ, ಜಮೀನು ಕೊಡಿ, ನಾವೇ ಉತ್ತು ಬೆಳ್ಕೋತೀವಿ ಅಂದ. ನಾಲ್ಕೇ ದಿನಕ್ಕೆ ಜಮೀನು ಕೊಡೋ ಆರ್ಡರ್ ಬಂತು, ಕರಾವಳಿಯಲ್ಲಿ ಸುಮಾರು 40,000 ಜನ ಉಳುಮೆನೂ ಶುರು ಮಾಡಿದ್ರು. ಲಿಂಕನ್ ಹತ್ಯೆ ಆದ್ಮೇಲೆ ಪ್ರೆಸಿಡೆಂಟ್ ಆದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಜಮೀನನ್ನ ಹಳೇ ಮಾಲೀಕರಿಗೆ ವಾಪಸ್ ಕೊಡ್ಸೋಕೆ ಹೊರಟ. ಆ ಕರಾವಳಿಯ ಎಡಿಸ್ಟೋ ದ್ವೀಪದ ಚರ್ಚಲ್ಲಿ ಈ ಸುದ್ದಿ ಹೇಳೋ ಕರ್ಮ, ಬಿಡುಗಡೆಯಾದವರಿಗಾಗಿ ಇದ್ದ ಸರ್ಕಾರಿ ಇಲಾಖೆ ನೋಡ್ಕೋತಿದ್ದ ಜನರಲ್ ಹೋವರ್ಡ್ ಪಾಲಿಗೆ ಬಂತು. ಆಮೇಲೆ ಹೆಚ್ಚಿನವರಿಗೆ ಗತಿ ಅಂದ್ರೆ ಅದೇ ಮಾಲೀಕನ ಹೊಲ, ಬೆಳೇಲಿ ಪಾಲು, ಮತ್ತೆ ಅವನೇ ಬರೆದಿಡೋ ಸಾಲದ ಲೆಕ್ಕ. ಆ ಪುಸ್ತಕದಲ್ಲಿ ಹಲ್ಲು ಕಿತ್ತಿದ್ದಕ್ಕೂ ಸಾಲಾನೇ ಬೀಳ್ತಿತ್ತೇನೋ.