ಹೊಸ ಟೀಚರ್ ತರಗತಿಯಲ್ಲಿ ನಾನು ಹೋಗಿ ಕೂರಬಹುದಾ?

ಪ್ರಶ್ನೆ: ಸರ್, ನಾನು ಮಾನ್ವಿ ತಾಲ್ಲೂಕಿನ ಒಂದು ಸರಕಾರಿ ಶಾಲೆಯ ಹೆಡ್‌ಮಾಸ್ಟರ್. ಜೂನ್‌ನಲ್ಲಿ ಹಾಸನದ ಕಡೆಯಿಂದ ಗಣಿತಕ್ಕೆ ಹೊಸ ಟೀಚರ್ ಬಂದಿದ್ದಾರೆ. ಚೆನ್ನಾಗಿ ಓದಿಕೊಂಡವರು, ಆದರೆ 7ನೇ ತರಗತಿ ಅವರ ಹಿಡಿತಕ್ಕೆ ಸಿಗುತ್ತಿಲ್ಲ. ನಾನು ಹಿಂದೆ ಹೋಗಿ ಕೂತರೆ ಕೈ ನಡುಗಿ ಸೀಮೆಸುಣ್ಣ ಬೀಳಿಸುತ್ತಾರೆ. ಹೋಗದಿದ್ದರೆ ಗಲಾಟೆ ನನ್ನ ರೂಮಿನ ತನಕ ಕೇಳುತ್ತದೆ. ಏನು ಮಾಡಲಿ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಹಿಂದೆ ಕೂತಾಗ ನಿಮ್ಮ ಕೈಯಲ್ಲಿ ಏನಿರುತ್ತದೆ? ರಿಜಿಸ್ಟರ್ ತಾನೆ? ಪ್ರೊಬೇಷನ್‌ನಲ್ಲಿ ಇರುವವರಿಗೆ ನೀವು ಏನು ಬರೆಯುತ್ತಿದ್ದೀರಿ ಅನ್ನೋದೇ ಚಿಂತೆ, ಪಾಠದ ಮೇಲೆ ಗಮನ ಎಲ್ಲಿಂದ ಬರಬೇಕು? ಮೊದಲು ನಿಮ್ಮ ಪಾಠಕ್ಕೆ ಅವರನ್ನು ಕರೆದು ಹಿಂದೆ ಕೂರಿಸಿ. ನಿಮ್ಮ ಮಾತಿಗೂ ಕಿವಿಗೊಡದ ಹುಡುಗರಿದ್ದಾರೆ ಅಂತ ಅವರಿಗೂ ಕಾಣಲಿ. ಹದಿನೈದು ದಿನ ಬಿಟ್ಟು ನೀವು ಹೋಗಿ, ಬರಿಗೈಯಲ್ಲಿ, ಅದೂ "ಇವತ್ತು ನಾನು ಏನು ಗಮನಿಸಲಿ ಮೇಡಂ?" ಅಂತ ಅವರನ್ನೇ ಕೇಳಿಕೊಂಡು. ಪಾಠ ಮುಗಿದ ಮೇಲೆ ಒಂದೇ ಒಂದು ವಿಷಯ ಹೇಳಿ. ಮಕ್ಕಳ ಮುಂದೆ ಬೇಡ, ಸ್ಟಾಫ್ ರೂಮಲ್ಲೂ ಬೇಡ.

ಇನ್ನು ಆ ಗಲಾಟೆ. ಇದು ಹತ್ತಿ ಬಿಡಿಸುವ ಕಾಲ ಅಲ್ವಾ? ಎಂಟು ದಿನ ಹೊಲಕ್ಕೆ ಹೋಗಿ ಬಂದ ಹುಡುಗನಿಗೆ ಬೋರ್ಡಿನ ಮೇಲಿನ ಲೆಕ್ಕ ತಲೆಬುಡ ಗೊತ್ತಾಗಲ್ಲ, ಪಕ್ಕದವನನ್ನು ಚಿವುಟದೆ ಇನ್ನೇನು ಮಾಡುತ್ತಾನೆ? ಇದು ನಿಮಗೆ ಗೊತ್ತು, ಹಾಸನದವರಿಗೆ ಗೊತ್ತಿಲ್ಲ. ತನ್ನ ಪಾಠ ಸರಿಯಿಲ್ಲ ಅಂತಲೇ ಮಕ್ಕಳು ಬರುತ್ತಿಲ್ಲ ಅಂದುಕೊಂಡಿರುತ್ತಾರೆ, ಪಾಪ. ಹುಡುಗರು "ತಿಳಿವಲ್ದ್ರೀ" ಅಂದಾಗ ಅದು ಉಡಾಫೆ ಅಲ್ಲ, ತಿಳಿಯುತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಿದ್ದಾರೆ ಅನ್ನೋದನ್ನೂ ಯಾರಾದರೂ ಬಿಡಿಸಿ ಹೇಳಬೇಕು. ಒಂದು ಸಂಜೆ ಜೊತೆಗೆ ಕರೆದುಕೊಂಡು ನಾಲ್ಕು ಮನೆ ಸುತ್ತಿ ಬನ್ನಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅಂತ ಬರೆದಿದೆ. ರಾಯಚೂರು ಹತ್ತಿರ ಯರಮರಸ್ ಡಯಟ್ (ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ) ಇದೆ, ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಹೋಗುತ್ತಾರೆ. ಇರಲಿ. ಆದರೆ ತರಗತಿ ಕೈಬಿಟ್ಟು ಹೋದ ಆ ಗಳಿಗೆಯಲ್ಲಿ ಪಕ್ಕದ ರೂಮಲ್ಲಿ ಇರುವವರು ನೀವೇ.

ಹೊಸ ಟೀಚರಿಗೆ ಕಂಪ್ಯೂಟರ್ ಬರುತ್ತದೆ ಅಂತ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ ಎಲ್ಲ ಅವರ ತಲೆಗೆ ಕಟ್ಟಿಲ್ಲ ತಾನೆ? (ನಾನೂ ಹಿಂದೆ ಕಟ್ಟಿದವನೇ, ಅದಕ್ಕೇ ಕೇಳಿದೆ.) ಕಟ್ಟಿದ್ದರೆ ಅರ್ಧ ವಾಪಸ್ ತಗೊಳ್ಳಿ. ಹಾಗೇ, ಊರಲ್ಲಿ ಬಾಡಿಗೆ ಮನೆ ಸಿಕ್ಕಿದೆಯಾ ಕೇಳಿ. ದಿನಾ ಬಸ್ಸಿಗೆ ಓಡಾಡುತ್ತಿದ್ದರೆ ಮೊದಲ ಪಿರಿಯಡ್‌ಗೆ ಗಣಿತ ಹಾಕಬೇಡಿ.