ಸಿಗಡಿ ಅಲರ್ಜಿ: ಹಾಲು ನಿಲ್ಲಿಸಬೇಡಿ, ಸಿಗಡಿ ಕೊಡಬೇಡಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 9 ವರ್ಷ. ಸಿಗಡಿ ತಿಂದ ಅರ್ಧ ಗಂಟೆಯೊಳಗೆ ತುಟಿ ಊದಿಕೊಂಡಿತು, ಮೈಯೆಲ್ಲ ಗಂಧೆ ಎದ್ದವು, ವಾಂತಿಯೂ ಆಯಿತು. ರಕ್ತಪರೀಕ್ಷೆಯಲ್ಲಿ ‘ಟ್ರೋಪೋಮಯೋಸಿನ್: ನೆಗೆಟಿವ್’ ಎಂದಿದೆ. ಕೆಳಗೆ ‘ಪೆನ್ ಎಂ 4, ಕ್ಯಾಲ್ಸಿಯಂ ಬೈಂಡಿಂಗ್ ಪ್ರೋಟೀನ್: ಪಾಸಿಟಿವ್’ ಎಂದಿದೆ. ಮುಖ್ಯವಾದದ್ದೇ ನೆಗೆಟಿವ್ ಅಲ್ವಾ, ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಲೇ? ಕ್ಯಾಲ್ಸಿಯಂ ಅಂತ ಇರುವುದರಿಂದ ಹಾಲು, ಮೊಸರು ನಿಲ್ಲಿಸಿದ್ದೇನೆ. — ಒಬ್ಬ ತಾಯಿ

ಉತ್ತರ: ಅಮ್ಮಾ, ಹಾಲು ಮೊಸರು ಅವನಿಗೆ ಇದುವರೆಗೆ ಒಗ್ಗುತ್ತಿತ್ತು ಅಂದರೆ ಇವತ್ತೇ ಮತ್ತೆ ಶುರು ಮಾಡಿ. ಬೆಳೆಯುವ ಹುಡುಗ. ಅವನಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಸಿಗಡಿಯನ್ನು ಮಾತ್ರ ಮನೆಯಲ್ಲಿ ಒಂದು ಚೂರೂ ಕೊಟ್ಟು ನೋಡಬೇಡಿ.

ವರದಿಯ ಮೊದಲ ಸಾಲು ನೋಡಿ ಸಮಾಧಾನಪಡುವ ತಂದೆತಾಯಿಯರನ್ನು ನಾನು ತುಂಬ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಗಡಿಯ ಮುಖ್ಯ ಅಲರ್ಜಿಕಾರಕ ಟ್ರೋಪೋಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು ಎನ್ನುವುದು ನಿಜ. 1993ರಲ್ಲಿ ಅದನ್ನು ಗುರುತಿಸಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರ ತಂಡವೂ ಇತ್ತು. ಆ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಉಳಿದ ಪ್ರೋಟೀನುಗಳ ಕಡೆ ಜನ ಕಣ್ಣೇ ಹಾಯಿಸುವುದಿಲ್ಲ. ನಿಮ್ಮ ಮಗನ ವಿಷಯದಲ್ಲಿ ನೋಡಬೇಕಾದದ್ದು ಆ ಎರಡನೇ ಸಾಲನ್ನೇ.

ಗಾಬರಿಯಾದ ಸಿಗಡಿಯನ್ನು ನೋಡಿದ್ದೀರಾ? ಹೊಟ್ಟೆಯ ಭಾಗವನ್ನು ಫಟ್ಟನೆ ಒಳಕ್ಕೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ನಾವು ತಿನ್ನುವುದು ಆ ಸ್ನಾಯುವನ್ನೇ. ನರದ ಸೂಚನೆ ಬಂದ ಕೂಡಲೇ ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಟ್ರೋಪೋನಿನ್ ಸಿ ಎಂಬ ಪ್ರೋಟೀನು ಅದನ್ನು ಹಿಡಿಯುತ್ತದೆ, ಅಡ್ಡ ಕೂತಿದ್ದ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಮತ್ತೆ ಸಡಿಲವಾಗಬೇಕಾದರೆ ಕ್ಯಾಲ್ಸಿಯಂ ಅಲ್ಲಿಂದ ಹೋಗಬೇಕು. ಅದನ್ನು ಹಿಡಿದುಕೊಂಡು ಈ ಕೆಲಸಕ್ಕೆ ನೆರವಾಗುವುದೇ ನಿಮ್ಮ ವರದಿಯ ಪ್ರೋಟೀನು, ಅಂದರೆ ಸಾರ್ಕೋಪ್ಲಾಸ್ಮಿಕ್ ಕ್ಯಾಲ್ಸಿಯಂ ಬೈಂಡಿಂಗ್ ಪ್ರೋಟೀನ್. ತೂಕ ಸುಮಾರು 20 ಕಿಲೋಡಾಲ್ಟನ್ (ಅಣುಗಳ ತೂಕ ಹೇಳುವ ಅಳತೆ). ‘ಪೆನ್ ಎಂ’ ಎಂದರೆ ಟೈಗರ್ ಸಿಗಡಿ, 4 ಅದರ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಇದಕ್ಕೆ ಕೊಟ್ಟ ನಂಬರು.

ನಿಮ್ಮ ಮಗನ ದೇಹ ಶತ್ರು ಅಂತ ತಿಳಿದಿರುವುದು ಈ ಪ್ರೋಟೀನನ್ನು. ಅದು ಹಿಡಿದುಕೊಳ್ಳುವ ಕ್ಯಾಲ್ಸಿಯಂ ಹಾಲಿನಲ್ಲೂ ಇದೆ, ಅವನ ಮೂಳೆಯಲ್ಲೂ ಇದೆ. ಅದಕ್ಕೂ ಅಲರ್ಜಿಗೂ ಸಂಬಂಧವಿಲ್ಲ.

ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ ಕಾಣುತ್ತದೆ. ಬಿಳಿ ಸಿಗಡಿಯ ಇದೇ ಪ್ರೋಟೀನಿನ ಬಗ್ಗೆ 2009ರಲ್ಲಿ ಬಂದ ಅಧ್ಯಯನವೂ ಅದನ್ನೇ ತೋರಿಸಿತು. ಹಾಗಂತ ಪಾಸಿಟಿವ್ ಬಂದವರಿಗೆಲ್ಲ ಅಲರ್ಜಿ ಇದೆ ಎಂದು ನಾನು ಹೇಳುವುದಿಲ್ಲ. ಸುಮ್ನೆ ರಕ್ತದಲ್ಲಿ ಪಾಸಿಟಿವ್ ಬಂದು, ಸಿಗಡಿ ತಿಂದರೂ ಏನೂ ಆಗದವರು ಇದ್ದಾರೆ. ನಿಮ್ಮ ಹುಡುಗ ಅವರ ಪೈಕಿ ಅಲ್ಲ. ತುಟಿ, ಚರ್ಮ, ಹೊಟ್ಟೆ ಮೂರೂ ಒಟ್ಟಿಗೆ ಕೆರಳಿವೆ. ನನಗೆ ವರದಿಗಿಂತ ಅದೇ ದೊಡ್ಡ ಸಾಕ್ಷಿ.

ಚೆನ್ನಾಗಿ ಬೇಯಿಸಿದರೆ ಸರಿಹೋಗುವುದಿಲ್ಲವೇ ಎಂದು ಮುಂದೆ ಯಾರಾದರೂ ನಿಮಗೆ ಹೇಳಬಹುದು. ಇಲ್ಲ. ಈ ಪ್ರೋಟೀನು ಬಿಸಿಯನ್ನು ತಡೆಯುತ್ತದೆ, ನೀರಿನಲ್ಲಿ ಕರಗುತ್ತದೆ. ಸಿಗಡಿ ತುಂಡುಗಳನ್ನು ಎತ್ತಿ ಬದಿಗಿಟ್ಟು ಬರೀ ಸಾರು ಬಡಿಸಿದರೂ ಅಪಾಯವೇ. ಬೇಯುವಾಗ ಏಳುವ ಹಬೆಯಲ್ಲೂ ಸಿಗಡಿಯ ಪ್ರೋಟೀನು ಇರುತ್ತದೆ, ಕೆಲವರಿಗೆ ಅಷ್ಟಕ್ಕೇ ಉಬ್ಬಸ ಬರುತ್ತದೆ. ಏಡಿ, ಲಾಬ್‌ಸ್ಟರ್ ಕೂಡ ಬೇಡ. ಅವುಗಳ ಸ್ನಾಯುವಿನಲ್ಲೂ ಇದರ ಹತ್ತಿರದ ನೆಂಟರೇ ಇದ್ದಾರೆ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಡ್ರಿನಲಿನ್ ಇಂಜೆಕ್ಷನ್ ಹತ್ತಿರ ಇಟ್ಟುಕೊಳ್ಳುವ ಬಗ್ಗೆ ನಿಮ್ಮ ಅಲರ್ಜಿ ತಜ್ಞರ ಜೊತೆ ಮಾತಾಡಿ. ಉಸಿರು ಕಟ್ಟಿದರೆ, ದನಿ ಬದಲಾದರೆ, ಮಗು ಬಿಳಿಚಿಕೊಂಡು ಕುಸಿದರೆ ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತುರಿಕೆಯ ಮಾತ್ರೆ ಗಂಧೆಗೆ ಸರಿ, ಅಂಥ ಹೊತ್ತಿನಲ್ಲಿ ಜೀವ ಉಳಿಸುವುದಿಲ್ಲ. ಮಾತ್ರೆ ಕೊಟ್ಟು ಕಾಯುತ್ತ ಕೂರಬೇಡಿ. ಶಾಲೆಯಲ್ಲೂ ಇದನ್ನು ಬರೆದು ಕೊಡಿ.

ಪ್ರಶ್ನೆ: ನನಗೆ ಸಿಗಡಿ ಆಗುವುದಿಲ್ಲ. ಮೀನನ್ನೂ ಬಿಡಬೇಕೇ?

ಉತ್ತರ: ಮೀನು ತಿಂದು ತೊಂದರೆಯಾಗಿಲ್ಲ ಅಂದರೆ ಬಿಡಬೇಕಿಲ್ಲ. ಮೀನಿನ ಮುಖ್ಯ ಅಲರ್ಜಿಕಾರಕ ಪಾರ್ವಾಲ್ಬುಮಿನ್, ತೂಕ ಸುಮಾರು 12 ಕಿಲೋಡಾಲ್ಟನ್. ಅದೂ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನೇ, ಆದರೆ ಬೇರೆ. ಒಂದರ ಅಲರ್ಜಿ ಇದ್ದರೆ ಇನ್ನೊಂದರದ್ದೂ ಇರಲೇಬೇಕೆಂದಿಲ್ಲ. ಹೊರಗೆ ತಿನ್ನುವಾಗ ಮಾತ್ರ, ಮೀನನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರಿದಿದ್ದಾರಾ ಎಂದು ಕೇಳಿಯೇ ತಿನ್ನಿ.